ಅಕ್ಕನ ಬಲಗಣ್ಣು

ಊಟಿಯ ಕಾಲೇಜಿನಲ್ಲಿ ನಾನು ಪಿಎಚ್.ಡಿ.ಗೆ ಸೇರಿದಾಗ ಅಕ್ಕ ಅಲ್ಲಿ ಆಗಲೇ ಇದ್ದಳು. ಒಡಹುಟ್ಟಿದವಳಲ್ಲ, ಅದೇ ಗೈಡ್ ಬಳಿ ನನಗಿಂತ ಮೊದಲು ಸೇರಿದವಳು. ಊಟಿ ಬಳಿಯ ಕೂಕಲ್ತೊರೈ ಹಳ್ಳಿಯ ಬಡಗರ ಮನೆಯ ಹೆಣ್ಣು. ನಾನು ಗೂಡಲೂರಿನವಳು, ಅಪ್ಪ ಎಸ್ಟೇಟ್ ಕೆಲಸಕ್ಕೆಂದು ಗುಂಡ್ಲುಪೇಟೆಯಿಂದ ಘಟ್ಟ ಹತ್ತಿ ಬಂದವರು. ಅವಳ ಬಡಗ, ನನ್ನ ಕನ್ನಡ, ಇಬ್ಬರ ತಮಿಳು ಸೇರಿ ನಮ್ಮಿಬ್ಬರಿಗಷ್ಟೇ ಒಂದು ಮಾತು ಬೆಳೆದಿತ್ತು.

ಗಾಜಿನ ಮೇಲೆ ಇಂಗಾಲದ ವಸ್ತುಗಳನ್ನು ತೆಳ್ಳಗೆ ಬಳಿದು ಸೋಲಾರ್ ಸೆಲ್ ಮಾಡುತ್ತಾರೆ. ಅಂಥ ಪದರಕ್ಕೆ ಬೆಳಕು ಬಿದ್ದ ತಕ್ಷಣ ಕರೆಂಟು ಹುಟ್ಟುವುದಿಲ್ಲ. ಎಲೆಕ್ಟ್ರಾನು ತನ್ನ ಜಾಗ ಬಿಟ್ಟು ಏಳುತ್ತದೆ, ಆದರೆ ಬಿಟ್ಟುಬಂದ ಖಾಲಿ ಜಾಗದ ಸೆಳೆತ ತಪ್ಪುವುದಿಲ್ಲ. ಎರಡೂ ಜೋಡಿಯಾಗಿಯೇ ಅಣುವಿನಿಂದ ಅಣುವಿಗೆ ದಾಟುತ್ತವೆ. ಈ ಜೋಡಿಯೇ ಎಕ್ಸಿಟಾನ್. ಪಕ್ಕದ ಇನ್ನೊಂದು ವಸ್ತುವಿನ ಅಂಚು ಮುಟ್ಟಿದರೆ ಜೋಡಿ ಬಿಡಿಸಿಕೊಂಡು ಕರೆಂಟಾಗುತ್ತದೆ. ದಾರಿಯಲ್ಲೇ ಅಳಿದರೆ ಬಿದ್ದ ಬೆಳಕು ದಂಡ. ಅದು ಎಷ್ಟು ದೂರ ಸಾಗಬಲ್ಲದು ಎಂದು ಅಳೆಯುವುದು ನಮ್ಮ ಕೆಲಸ. ಕೂದಲಿನ ದಪ್ಪದಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲದ ದೂರ.

ಮಂಜು ಇಳಿದರೆ ನಮ್ಮ ಪದರಗಳು ತೇವಕ್ಕೆ ಕೆಡುತ್ತಿದ್ದವು. ಹಾಗಾಗಿ ಜನವರಿಯ ಒಣ ಚಳಿ ಬಂದರೆ ಸಾಕು, ಊಟ ನಿದ್ದೆ ಬಿಟ್ಟು ಲೇಸರ್ ಕೋಣೆಯಲ್ಲೇ ಇರುತ್ತಿದ್ದೆವು. ಆ ಲೇಸರ್‌ನಿಂದ ಮೊದಲು ಬರುವುದು ಕಣ್ಣಿಗೆ ಕಾಣದ ಕಿರಣ. ನಡುವೆ ಒಂದು ಹರಳು ಅದನ್ನು ಹಸಿರಾಗಿ ಬದಲಿಸುತ್ತದೆ, ಪೂರ್ತಿಯಾಗಿ ಅಲ್ಲ. ಕಾಲೇಜು ಕೊಡಿಸಿದ್ದ ಕನ್ನಡಕ ಹಸಿರನ್ನಷ್ಟೇ ತಡೆಯುವಂಥದ್ದು. ಇದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಒಂದು ಮಧ್ಯಾಹ್ನ ಅಕ್ಕ ಕನ್ನಡಕ ಹಾಕಿಕೊಂಡೇ ಬಾಗಿ ಸ್ಯಾಂಪಲ್ ಸರಿಮಾಡುತ್ತಿದ್ದಳು. ಸ್ಟ್ಯಾಂಡಿನ ಸ್ಕ್ರೂಗೆ ಕಿರಣ ತಾಗಿ ಮೇಲಕ್ಕೆ ಚಿಮ್ಮಿರಬೇಕು. ಅವಳು ಕೂಗಲಿಲ್ಲ. ನಿಧಾನ ನೆಟ್ಟಗೆ ನಿಂತು, "ಲೇಸರ್ ಆಫ್ ಮಾಡು" ಎಂದಳು. "ತಲೆಯೊಳಗೆ ಏನೋ ಟಪ್ ಅಂತು."

ಲೈಟು ಹಾಕಿದೆ. ಅವಳು ಎಡಗಣ್ಣು ಮುಚ್ಚಿ ನನ್ನತ್ತ ನೋಡಿದಳು.

"ನಿನ್ನ ಕೂದಲು ಕಾಣ್ತದೆ. ಕಿವಿ ಕಾಣ್ತದೆ. ಮುಖ ಇಲ್ಲೆ."

ಕೊಯಮತ್ತೂರಿನ ಡಾಕ್ಟರು ರೆಟಿನಾದ ನಟ್ಟನಡುವೆ ತೂತಾಗಿದೆ, ರಕ್ತವೂ ಕಟ್ಟಿದೆ ಎಂದರು. ರಕ್ತ ಕರಗಿತು. ನೋಟದ ನಡುಭಾಗ ಮಾತ್ರ ಮರಳಲಿಲ್ಲ.

ಕಾಲೇಜಿನಲ್ಲಿ ವಿಚಾರಣೆ ಶುರುವಾಯಿತು. ಗೈಡ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಆಯಮ್ಮ ಕನ್ನಡಕ ಹಾಕಿರಲಿಲ್ಲ ಅಲ್ಲವಾ?"

"ಹಾಕಿದ್ರು ಸರ್. ನಾನು ಪಕ್ಕದಲ್ಲೇ ಇದ್ದೆ."

"ಹಾಗಂದ್ರೆ ಕನ್ನಡಕವೇ ತಪ್ಪು ಅಂತಾಗ್ತದೆ. ಲ್ಯಾಬ್ ಮುಚ್ಚಿಸ್ತಾರೆ. ನಿನ್ನ ಥೀಸಿಸ್ಸೂ ಅಲ್ಲಿಗೇ."

ಮುಚ್ಚಲಿ ಎಂದು ಹೇಳಿಯೇ ಹೊರಗೆ ಬಂದೆ. ಸಮಿತಿಯ ಮುಂದೆಯೂ ಕಂಡದ್ದನ್ನೇ ಹೇಳಿದೆ. ನನ್ನ ನಂತರ ಅಕ್ಕ ಒಳಗೆ ಹೋದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದಳು. ಅಲ್ಲಿ ಅವಳು, ಕನ್ನಡಕ ತೆಗೆದಿಟ್ಟಿದ್ದೆ, ಅವಸರ ಮಾಡಿದೆ, ತಪ್ಪು ನನ್ನದು ಎಂದಳಂತೆ, ಹಾಗೆಂದು ಬರೆದು ಸಹಿಯನ್ನೂ ಹಾಕಿದಳಂತೆ. ಕಣ್ಣು ಕಳೆದುಕೊಂಡವಳೇ ಹಾಗೆ ಹೇಳಿದ ಮೇಲೆ ನನ್ನ ಮಾತನ್ನು ಯಾರು ಲೆಕ್ಕಕ್ಕಿಡುತ್ತಾರೆ? ಮೆಟ್ಟಿಲ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದೆ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನನ್ನ ಕಣ್ಣಂತೂ ಬರೋದಿಲ್ಲ" ಎಂದಳು. "ಇನ್ನೂ ನಾಲ್ಕು ಸ್ಯಾಂಪಲ್ ಉಳಿದಿದೆ. ಅದನ್ನಾದರೂ ಅಳೆದು ಮುಗಿಸು."

ಮುಗಿಸಿದೆ. ಅಷ್ಟರಲ್ಲಿ ಅಕ್ಕ ಓದು ಬಿಟ್ಟು ಊರು ಸೇರಿದ್ದಳು. ಹೊಸ ಕನ್ನಡಕಗಳು ಸದ್ದಿಲ್ಲದೆ ಬಂದವು. ಪ್ರತಿ ಸಲ ಲೇಸರ್ ಹಾಕುವ ಮೊದಲು ಕನ್ನಡಕವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಾವು ನೆಚ್ಚಿಕೊಂಡಿದ್ದ ಪದರದಲ್ಲೂ ಎಕ್ಸಿಟಾನ್ ಹೆಚ್ಚು ದೂರ ಹೋಗಲಿಲ್ಲ. ಹಳೆಯ ವಸ್ತುಗಳಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರಲಿಲ್ಲ. ಅದನ್ನು ಫೋನಿನಲ್ಲಿ ಹೇಳಲು ಮನಸ್ಸಾಗದೆ ಕೂಕಲ್ತೊರೈಗೆ ಹೋದೆ.

ಅಕ್ಕ ಮನೆಯ ಮುಂದಿನ ಟೀ ತೋಟದಲ್ಲಿದ್ದಳು. ಎಲೆ ಕತ್ತರಿಸುವ ಕತ್ತರಿಯನ್ನು ತಾಯಿ ಅವಳ ಕೈಗೆ ಕೊಡುತ್ತಿರಲಿಲ್ಲ. ಒಂದೇ ಕಣ್ಣಿನಲ್ಲಿ ದೂರ ಹತ್ತಿರ ತಿಳಿಯದೆ ಎರಡು ಸಲ ಬೆರಳು ಕೊಯ್ದುಕೊಂಡಿದ್ದಳು. ಕೈಯಲ್ಲೇ ಕಿತ್ತು ಚೀಲಕ್ಕೆ ಹಾಕುತ್ತಿದ್ದಳು. ನಾನು ಫಲಿತಾಂಶ ಹೇಳಿದೆ.

"ಅಷ್ಟೇನಾ?" ಎಂದಳು. ಸ್ವಲ್ಪ ಹೊತ್ತು ಎಲೆ ಕಿತ್ತಳು. "ಪದರ ಒಣಗಿಸೋದರಲ್ಲೇ ಏನೋ ತಪ್ಪಿರಬೇಕು."

ಒಳಗೆ ಅವಳ ತಾಯಿ ಕಾಫಿ ಕೊಟ್ಟು ನನ್ನೆದುರು ಕೂತರು. "ನೀನೂ ಅದೇ ಕೆಲಸ ಮಾಡಿದೆ. ನಿನ್ನ ಕಣ್ಣು ಸರಿಯಾಗಿ ಇದೆ" ಎಂದರು. "ಇವಳು ಕನ್ನಡಕ ಹಾಕಿದ್ದರೆ ಇವಳ ಕಣ್ಣೂ ಇರ್ತಿತ್ತು. ಸಣ್ಣದರಿಂದ ಇವಳಿಗೆ ಯಾರು ಹೇಳಿದರೂ ಕೇಳೋ ಬುದ್ಧಿ ಇಲ್ಲೆ."

ನಾನು ಬಾಯಿ ತೆರೆದೆ. ಅಕ್ಕ ಮೇಜಿನ ಕೆಳಗೆ ನನ್ನ ಮಣಿಕಟ್ಟು ಒತ್ತಿ ಹಿಡಿದಳು, ಉಗುರು ನಾಟುವಷ್ಟು.

ಅಕ್ಕ ಬಸ್ಸಿನವರೆಗೆ ಕಳಿಸಲು ಬಂದಾಗ ಕೇಳಿದೆ. "ಅವ್ವೆಗಾದರೂ ನಿಜ ಹೇಳಬಾರದಾ?"

"ಹೇಳಿದರೆ ನಾಳೆಯೇ ಕಾಲೇಜಿಗೆ ಹೋಗಿ ಕೂರ್ತಾಳೆ. ಅಲ್ಲಿ ಎಲ್ಲರೂ ನನ್ನ ಸಹಿ ತೋರಿಸ್ತಾರೆ. ಆಮೇಲೆ ನಾನು ಸುಳ್ಳಿ ಅಂತಲೂ ಆಗ್ತದೆ." ಆಮೇಲೆ ಹೇಳಿದಳು, "ನೀನು ಬಂದಾಗೆಲ್ಲ ಅವ್ವೆಗೆ ಆ ದಿನ ನೆನಪಾಗ್ತದೆ. ಕೆಲ ಕಾಲ ಬರಬೇಡ."

ಬಸ್ಸು ಬಂತು. ನಾನು ಹತ್ತಿದೆ. ಈಗ ಗೂಡಲೂರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊದಮೊದಲು ಭಾನುವಾರ ಫೋನ್ ಮಾಡುತ್ತಿದ್ದೆ, ಅಕ್ಕ ಎತ್ತುತ್ತಿದ್ದಳು, ಎಲೆಯ ರೇಟು, ಮಳೆ ಅಂತ ಮಾತಾಡುತ್ತಿದ್ದಳು. ಬರಬರುತ್ತ ಫೋನ್ ಎತ್ತುವುದು ಅವಳ ತಾಯಿಯೇ ಆಯಿತು. ಮಗಳು ತೋಟದಲ್ಲಿದ್ದಾಳೆ ಎನ್ನುತ್ತಾರೆ. ಏನಾದರೂ ಹೇಳಬೇಕಾ ಎಂದು ಕೇಳುತ್ತಾರೆ. ನಾನು ಏನೂ ಇಲ್ಲ ಎನ್ನುತ್ತೇನೆ.