ಶುಭಕಾಲದಲ್ಲಿ ಹೊರಟ ಚೀಲ

ರೋಮನ್ನರ ಪಾಳುನಗರಗಳನ್ನು ಮಾರ್ಗದರ್ಶಕಿಯೊಂದಿಗೆ ನೋಡಲು ನಾವು ಅಮೆರಿಕದ ಆಶ್‌ಬರ್ನ್ ಬಿಡುವ ಹೊತ್ತಿಗೆ ರಾಹುಕಾಲ. ಇದಕ್ಕೆ ಹಿರಿಯರು ಪರಿಹಾರ ಮಾಡಿಟ್ಟಿದ್ದಾರೆ: ಮೊದಲೇ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಆರಂಭವಾದಂತೆ. ಬೆಳಿಗ್ಗೆಯೇ ಹೋಗಿ, ಪಕ್ಕದ ಬೀದಿಯ ಸುಹಾಸನ ತೆರೆದ ಗ್ಯಾರೇಜಿನಲ್ಲಿ ನಮ್ಮ ಕೆಂಪು ಚೀಲ ಇಟ್ಟು ಬಂದೆ. ಶಾಸ್ತ್ರ ಗಟ್ಟಿಯಾಗಿರಲೆಂದು ಪಾಸ್‌ಪೋರ್ಟುಗಳನ್ನೂ ಅದರೊಳಗೇ ಇಟ್ಟಿದ್ದೆ. ಅಲ್ಲಿ ಅಷ್ಟೊಂದು ಸೂಟ್‌ಕೇಸುಗಳು ಯಾಕಿವೆ ಎಂದು ಯೋಚಿಸುತ್ತ ಶುಭಕಾಲ ಮೀರಿಸಲಿಲ್ಲ.

ಸಂಜೆ ಚೀಲ ತರಲು ಹೋದರೆ ಮನೆಗೆ ಬೀಗ. ಫೋನ್ ಮಾಡಿದೆ.

"ಆ ಕೆಂಪು ಬ್ಯಾಗ್ ನಿಮ್ದಾ ಅಂಕಲ್? ಅಯ್ಯೋ, ಮಕ್ಕಳು ನಮ್ಮ ಲಗೇಜ್ ಜೊತೆ ಕಾರಿನ ಟ್ರಂಕ್‌ಗೆ ಹಾಕ್ಬಿಟ್ಟಿದಾರೆ! ಜಾರ್ಜಿಯಾದ ಕಮ್ಮಿಂಗ್‌ಗೆ ಡ್ರೈವ್ ಮಾಡ್ತಿದೀವಿ, ಆಗ್ಲೇ ಕ್ಯಾರೊಲಿನಾದಲ್ಲಿದೀವಿ."

ಪಕ್ಕದಲ್ಲಿ ನನ್ನ ಹೆಂಡತಿ ವಸುಧಾ. ನಿವೃತ್ತಳಾಗುವವರೆಗೂ ಮೈಸೂರಿನ ಶಾಲೆಯಲ್ಲಿ ರೋಮಿನ ಪಾಠ ಮಾಡಿದವಳು. ಅಲ್ಲಿನ ಒಂದು ಕಲ್ಲನ್ನಾದರೂ ಕೈಯಾರೆ ಮುಟ್ಟಬೇಕೆಂದು ಈ ಪ್ರವಾಸಕ್ಕೆ ಹಟ ಹಿಡಿದವಳು.

"ಶಾಸ್ತ್ರದ ಪ್ರಕಾರ ನಾವು ಹೊರಟಾಗಿದೆ," ಎಂದೆ.

"ಹೌದು, ಜಾರ್ಜಿಯಾಕ್ಕೆ. ಇನ್ನು ಮಾತಾಡ್ಬೇಡಿ."

ಆದರೂ ವಿಮಾನ ನಿಲ್ದಾಣಕ್ಕೆ ಹೋದೆವು. ಅಲ್ಲಿ ಕಾಯುತ್ತಿರುವವರಿಗೆ, ಬರಲಾಗುವುದಿಲ್ಲವೆಂದು ಮುಖ ತೋರಿಸಿ ಹೇಳಬೇಕೆಂಬುದು ಅವಳ ಮರ್ಯಾದೆ. ಮಾರ್ಗದರ್ಶಕಿ, ಅಮೆರಿಕದ ಪುರಾತತ್ವಜ್ಞೆ, ವಸುಧಾಳ ಕೈ ಹಿಡಿದು ಮುಂದಿನ ವರ್ಷ ಖಂಡಿತ ಬನ್ನಿ ಎಂದರು. ಮುಂದಿನ ವರ್ಷ ತನ್ನ ಮಂಡಿಗಳು ಒಪ್ಪುವುದಿಲ್ಲವೆಂದು ವಸುಧಾ ಅವರಿಗೆ ಹೇಳಲಿಲ್ಲ. ಅಗೆಯುವ ಜಾಗದಲ್ಲಿ ನೆರಳಿರುವುದಿಲ್ಲವಲ್ಲ ಎಂದು, ತಾನು ಹಾಕಿಕೊಂಡಿದ್ದ ಹೊಸ ಹುಲ್ಲಿನ ಟೋಪಿ ತೆಗೆದು ಅವರ ತಲೆಗಿಟ್ಟಳು.

ಟೋಪಿ ಸಮಯಕ್ಕೆ ಸರಿಯಾಗಿ ವಿಮಾನ ಹತ್ತಿತು.