ಹಗ್ಗ ಬಿಚ್ಚಿದ ಬಾವಿ

ಹೆದ್ದಾರಿ ಇನ್ನೂ ಅಗಲವಾಗದ ಕಾಲ. ನಾವುಂದದ ಹತ್ತಿರ ಒಂದು ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರಿ, ಪಡುದಿಕ್ಕಿನ ಮೊದಲ ಮನೆಯ ಬಾವಿ ಕೆಟ್ಟಿತ್ತು. ಅಲ್ಲಿದ್ದವರು ಮೀನು ಮಾರಿ ಮಗಳನ್ನು ಸಾಕಿದ ಮುದುಕಿ, ನಾನು ಅಮ್ಮ ಎನ್ನುತ್ತಿದ್ದೆ. ಅದರಾಚೆಯದು ಮಗಳ ಮನೆ, ಅಲ್ಲೊಂದು ಎಳೆಗೂಸು. ಕೆಟ್ಟ ನೀರು ಅಲ್ಲಿಗೆ ದಾಟದಂತೆ ಬಂಕಿನ ಬಳಿ ಪಂಪು ಕೂರಿಸಿ ನೀರೆಳೆಯುತ್ತಿದ್ದರು. ಅದರಿಂದ ಉಪಯೋಗವಾಗುತ್ತಿದೆಯೋ ಇಲ್ಲವೋ ಎಂದು ವಾರಕ್ಕೊಮ್ಮೆ ಅಳೆದು ನೋಡುವವನು ನಾನು.

ಲೆಕ್ಕ ಸುಲಭ. ಪಂಪಿನ ಪಕ್ಕ ಅಳತೆಗೆಂದು ಕೊರೆದ ಕೊಳವೆಬಾವಿಗಿಂತ ಅಮ್ಮನ ಬಾವಿಯಲ್ಲಿ ನೀರು ಮೇಲಿದ್ದರೆ ಅದು ಪಂಪಿನತ್ತ ಹರಿಯುತ್ತದೆ. ಕೆಳಗಿದ್ದರೆ ಮಗಳ ಮನೆಯತ್ತ ನುಸುಳುತ್ತದೆ. ಎರಡು ಬೆರಳ ವ್ಯತ್ಯಾಸ ಸಾಕು. ಇಳಿಬಿಟ್ಟ ಟೇಪಿನ ಗುಂಡು ನೀರಿಗೆ ತಾಗಿದೊಡನೆ ಕೀಂ ಎನ್ನುತ್ತಿತ್ತು. ಆ ಸದ್ದಿಗೆ ಅಮ್ಮ ಅಂಗಳಕ್ಕೆ ಬರುತ್ತಿದ್ದರು.

"ಇವತ್ತ್ ಎಷ್ಟಿತ್ತ್?"

ಒಮ್ಮೆ ನೀರು ಇಳಿದಿತ್ತು. ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು. "ಹೀಂಗಾರೆ ಆತಿಲ್ಲೆ ಅಮ್ಮ. ನಿಮ್ಮ ಬಾವಿ ನೀರ್ ಮೇಲಿದ್ರೆ ಮಾತ್ರ ಮಗಳ ಬಾವಿ ಉಳೀತ್," ಎಂದು ಸಿಡುಕಿದೆ.

ಮುಂದಿನ ವಾರ ನೀರು ಏರಿತ್ತು. ಅದರ ಮುಂದಿನ ವಾರವೂ. ಊರಿನ ಬಾವಿಗಳೆಲ್ಲ ತಳ ಕಾಣುವ ಕಡುಬೇಸಿಗೆ, ಕರೆಂಟು ಹೋಗಿ ಪಂಪು ಆಗಾಗ ನಿಲ್ಲುತ್ತಿತ್ತು, ಈ ಬಾವಿ ಮಾತ್ರ ಏರುತ್ತಿತ್ತು. ಕೆಟ್ಟ ನೀರನ್ನು ಯಾರೂ ಸೇದದಿರಲೆಂದು ಹಗ್ಗ, ರಾಟೆ ನಾವೇ ಬಿಚ್ಚಿಟ್ಟಿದ್ದೆವು. ಆದರೂ ಒಳಗಿನ ಕಲ್ಲುಗಳು ಒದ್ದೆ. ನಡುಮಧ್ಯಾಹ್ನ, ಗಾಳಿಯಿಲ್ಲ, ಮಳೆಯಿಲ್ಲ. ಕೆಳಗಿನ ಕತ್ತಲೆಯಲ್ಲಿ ಟಪ್, ಟಪ್ ಎಂದು ಹನಿ ಬೀಳುತ್ತಿತ್ತು. ಭೂತ ಪ್ರೇತ ನಂಬುವವನಲ್ಲ ನಾನು. ಆದರೂ ಹೆದರಿದೆ. ಬಾವಿಯೊಳಗೆ ಇಣುಕದೆ ಟೇಪು ಬಿಟ್ಟು, 'ಹತೋಟಿಯಲ್ಲಿದೆ' ಎಂದು ಬರೆದು, ಸರಸರ ಬಸ್ಸು ಹಿಡಿಯುತ್ತಿದ್ದೆ. ಆಫೀಸಿನಲ್ಲಿ ಎಲ್ಲರಿಗೂ ಖುಷಿ.

ಒಂದು ದಿನ ಬೇಗನೆ ತಲುಪಿದೆ. ಅಮ್ಮ ಬಾವಿಕಟ್ಟೆಗೆ ಒರಗಿ ಬಾವಿಯೊಳಕ್ಕೆ ಕೊಡಪಾನ ಬಗ್ಗಿಸುತ್ತಿದ್ದರು. ಕಾಲ ಬಳಿ ಮೂರು ಖಾಲಿ, ಒಂದು ತುಂಬಿದ್ದು.

"ಎಂತ ಮಾಡ್ತ್ರಿ ಅಮ್ಮ!"

"ಇನ್ನೊಂದ್ ಹೊಯ್ದ್ರೆ ಮೇಲ್ ಬತ್ತ್. ಮೇಲಿರ್ಕ್ ಅಂದ್ಹೇಳಿ ನೀವೇ ಹೇಳದ್ದ್ ಅಲ್ದಾ?"

ಇಷ್ಟು ವಾರ ನಾನು ಅಳೆದದ್ದು ಅಮ್ಮ ಹೊಯ್ದ ನೀರನ್ನು. ಬಾವಿಯ ನೀರು ನಿಜಕ್ಕೂ ಕೆಳಗಿಳಿದದ್ದು ಯಾವ ವಾರವೋ, ನನ್ನ ಅಳತೆ ಪುಸ್ತಕ ಹೇಳುವಂತಿರಲಿಲ್ಲ.

"ಈ ನೀರ್ ಎಲ್ಲಿಂದ ತಂದದ್ದ್?"

"ಮಗಳ ಬಾವಿದ್. ಒಳ್ಳೆ ನೀರ್, ಮಗಿಗೂ ಅದೇ ಕೊಡುದ್."

ಕೊಡಪಾನದ ಬಾಯಿಗೆ ಮುಖ ತಂದೆ. ಮೊದಲಿಗೆ ಏನೂ ಇಲ್ಲ. ಇನ್ನೂ ಬಗ್ಗಿದೆ. ಬಂಕಿನ ಗಾಳಿಯಲ್ಲೇ ಬದುಕಿದವರಿಗೆ ಬೇರೆಯಾಗಿ ತಿಳಿಯದಷ್ಟು ಸಣ್ಣಗೆ, ಪೆಟ್ರೋಲಿನ ವಾಸನೆ.

ನೀರನ್ನು ಅಂಗಳಕ್ಕೆ ಚೆಲ್ಲಿದೆ.

"ಒಳ್ಳೆ ನೀರ್ ಮಾರಾಯ್ರೆ, ಎಂತಕ್ ಚೆಲ್ಲುದ್?" ಎಂದು ಅಮ್ಮ ಕೂಗುತ್ತಿದ್ದಂತೆ ನಾನು ಮಗಳ ಮನೆಗೆ ಓಡಿದೆ. ಅವಳು ಜಗಲಿಯಲ್ಲಿ ಕೂತು ಮಗುವಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದಳು.