ಅಮ್ಮನ ಎಕ್ಸರ್‌ಸೈಜ್

ಕಳೆದ ಶನಿವಾರ ಐವತ್ತು ಜನ ಪೇರೆಂಟ್ಸ್ ಮುಂದೆ ನನ್ನ ಮಗಳು ನನ್ನ ಪಾತ್ರ ಮಾಡಿದಳು. (ನನಗೆ ಯಾರೂ ಮೊದಲೇ ಹೇಳಿರಲಿಲ್ಲ.)

ಹಾಸನದ ಅವಳ ಯುಕೆಜಿಯಲ್ಲಿ ಅಂದು ‘ಫಿಟ್‌ನೆಸ್ ಡೇ’. ಮಕ್ಕಳೆಲ್ಲ ತಾವೇ ಕತ್ತರಿಸಿ ಅಂಟಿಸಿದ ರಟ್ಟಿನ ಡಂಬೆಲ್ ಹಿಡಿದು, ಹಣೆಗೆ ಬಣ್ಣದ ಕಾಗದದ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಮಿಸ್ ಆಟ ಶುರುಮಾಡಿದರು.

“ನಿಮ್ಮನೇಲಿ ಯಾರು ಹೆಂಗೆ ಎಕ್ಸರ್‌ಸೈಜ್ ಮಾಡ್ತಾರೆ? ಅವ್ರ ಥರಾನೇ ಮಾಡಿ ತೋರ್ಸಿ, ನೋಡಣ!”

ಒಬ್ಬ ತಾತನ ಹಾಗೆ ಕೈ ಬೀಸಿ ನಡೆದ. ಒಬ್ಬಳು ಚಿಕ್ಕಪ್ಪನ ಹಾಗೆ ಬಸ್ಕಿ ಹೊಡೆದಳು. ನನ್ನ ಮಗಳು ಸಿರಿ ಡಂಬೆಲ್ ಪಕ್ಕಕ್ಕಿಟ್ಟು, ನೆಲದ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿದಳು.

“ಇದ್ಯಾರು ಸಿರಿ?”

“ನಮ್ಮಮ್ಮ.”

ಹಾಲ್ ಪೂರ್ತಿ ನಗು. ತಲೆ ಎತ್ತಲಾಗಲಿಲ್ಲ ನನಗೆ. ಅರಕಲಗೂಡಿನಲ್ಲಿ ಕೆಲಸ, ಹಾಸನದಲ್ಲಿ ಮನೆ. ಎರಡು ಹೊತ್ತೂ ಬಸ್ಸಿನಲ್ಲಿ ನಿಂತೇ ಪ್ರಯಾಣ, ಬಂದರೆ ಅಡುಗೆಮನೆ. ಅದು ಎಕ್ಸರ್‌ಸೈಜ್ ಅಲ್ಲವಾ? (ಎದ್ದು ಹೇಳೋಣವೆಂದರೆ ಅದಕ್ಕೂ ಸುಸ್ತು.)

ಆಗ ಸಿರಿ ಒಂದು ಕಣ್ಣು ತೆರೆದು ತುಟಿಗೆ ಬೆರಳಿಟ್ಟಳು. “ಶ್! ಸದ್ದು ಮಾಡ್ಬೇಡಿ. ನಮ್ಮಮ್ಮಂಗೆ ಸುಸ್ತಾಗಿದೆ.”

ನಗು ನಿಂತಿತು. ಅವಳು ನನ್ನನ್ನು ಆಡಿಕೊಳ್ಳುತ್ತಿರಲಿಲ್ಲ, ನನ್ನ ನಿದ್ದೆ ಕಾಯುತ್ತಿದ್ದಳು.

ಮೊಮ್ಮಗನನ್ನು ನೋಡಲು ಕಟ್ಟಾಯದಿಂದ ಬಂದಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿದ್ದರು. “ಯಾಕವ್ವಾ ಕಣ್ಣೀರಾಕ್ತೀಯಾ? ನಿನ್ನ ಎಂಗ್ ನೋಡ್ಕತದೆ ನೋಡು ಮಗ!” ಎಂದು ಬೆನ್ನು ಸವರಿದರು.

ಆಟವಾಡಿಸಿ ಆರೋಗ್ಯ ಕಲಿಸುವುದು ಒಳ್ಳೆಯದೇ. ಆದರೆ ಮಕ್ಕಳು ಕಲಿಯುವುದು ಮಿಸ್ ಹೇಳಿದ್ದನ್ನೋ, ಮನೆಯಲ್ಲಿ ಕಂಡದ್ದನ್ನೋ?

ವಾಪಸ್ ಬರುವಾಗ ಸ್ಕೂಟರ್ ಮೇಲೆ ದೊಡ್ಡದಾಗಿ ಘೋಷಿಸಿದೆ. “ನಾಳೆ ಭಾನುವಾರ. ಗ್ರೌಂಡಿಗೆ ಹೋಗಿ ಇಬ್ರೂ ಓಡಣ.”

“ನೀನ್ ಎದ್ಮೇಲೆ ಹೋಗಣಮ್ಮಾ” ಎಂದಳು.

ಹೋದೆವು. ಅರ್ಧ ಸುತ್ತಿಗೇ ನನಗೆ ಏದುಸಿರು. ಕಟ್ಟೆಯ ಮೇಲೆ ಕೂತು, “ನೀನು ಓಡು ಪುಟ್ಟಾ, ನಾನ್ ನೋಡ್ತೀನಿ” ಎಂದೆ. ಗ್ರೌಂಡ್ ತುಂಬ ಅವಳ ವಯಸ್ಸಿನ ಮಕ್ಕಳು ಕೂಗಾಡಿಕೊಂಡು ಓಡುತ್ತಿದ್ದರು. ಅವಳು ಮಾತ್ರ ಬಂದು ನನಗೆ ಒರಗಿ ಕೂತಳು.

“ಪರ್ವಾಗಿಲ್ಲಮ್ಮಾ. ನಿಂಗೆ ಸುಸ್ತು ಹೋಗ್ಲಿ, ನಾನ್ ಕಾಯ್ತೀನಿ.”

ಅವಳ ಕಣ್ಣು ಆ ಮಕ್ಕಳ ಮೇಲಿತ್ತು. ನೆಲ ಮುಟ್ಟದ ಎರಡು ಪುಟ್ಟ ಕಾಲು ಸುಮ್ಮನೆ ತೂಗಾಡುತ್ತಿದ್ದವು.

ಓಡುವ ವಯಸ್ಸಿನ ಮಗುವಿಗೆ ಕಾಯುವುದನ್ನು ಕಲಿಸಿಬಿಟ್ಟ ಮೇಲೆ, ಇನ್ಯಾವ ಫಿಟ್‌ನೆಸ್ ಕಲಿಸಲಿ ಹೇಳಿ?